ನೂರೈವತ್ತು ಮಕ್ಕಳ ಚಾರ್ಟರ್ ಶಾಲೆ: ಇದರಲ್ಲಿ ಅಂಥ ವಿಶೇಷ ಏನಿದೆ? (ಮಿನ್ನೆಸೋಟದವರು ದಯವಿಟ್ಟು ಹೇಳಿ)

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ಸೇಂಟ್ ಪಾಲ್‌ನಲ್ಲಿ ಇದ್ದೇವೆ. ಸೆಪ್ಟೆಂಬರ್ 1ರ ಒಳಗೆ ಮಗಳಿಗೆ ಐದು ತುಂಬುತ್ತದೆ, ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕು. ಮನೆ ಹತ್ತಿರದ ಡಿಸ್ಟ್ರಿಕ್ಟ್ ಶಾಲೆ (ಊರಿನ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನದ್ದು) ದೊಡ್ಡದು, ಐನೂರಕ್ಕೂ ಜಾಸ್ತಿ ಮಕ್ಕಳು. ಸ್ವಲ್ಪ ದೂರದಲ್ಲಿ ಒಂದು ಚಾರ್ಟರ್ ಶಾಲೆ ಇದೆ. ಐದನೇ ಕ್ಲಾಸಿನವರೆಗೆ ಎಲ್ಲ ಸೇರಿ ನೂರೈವತ್ತು ಮಕ್ಕಳು ಅಷ್ಟೇ. ಪಕ್ಕದ ಮನೆಯವರು ಅದನ್ನು ತುಂಬಾ ಹೊಗಳುತ್ತಾರೆ, ಆದರೆ ಏನು ಚೆನ್ನಾಗಿದೆ ಅಂತ ಕೇಳಿದರೆ "ಒಂದು ಫ್ಯಾಮಿಲಿ ಥರ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ನನಗೆ ಅದು ಸಾಲದು. ಇದು ಸರ್ಕಾರಿ ಶಾಲೆಯಾ, ಪ್ರೈವೇಟಾ? ಫೀಸ್ ಇದೆಯಾ? ಚಿಕ್ಕದು ಅನ್ನೋದು ಬಿಟ್ಟರೆ ಬೇರೆ ಏನಿದೆ? ಮಕ್ಕಳನ್ನು ಕಳಿಸಿದವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಹಾಸನದವ

ಮೇಡಂ, ನನ್ನ ಇಬ್ಬರು ಮಕ್ಕಳೂ ಇಂಥದ್ದೇ ಒಂದು ಶಾಲೆಯಲ್ಲಿ ಓದುತ್ತಿದ್ದಾರೆ. ಅದರ ಬೋರ್ಡ್‌ನಲ್ಲಿ ನಾನೂ ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಗೊಂದಲ ಬಗೆಹರಿಸೋಣ. ಚಾರ್ಟರ್ ಶಾಲೆ ಪ್ರೈವೇಟ್ ಅಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಾರ್ವಜನಿಕ ಶಾಲೆ. ಫೀಸ್ ಇಲ್ಲ, ಪ್ರವೇಶ ಪರೀಕ್ಷೆ ಇಲ್ಲ, ಧರ್ಮದ ಪಾಠ ಇಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಬೇಕು. ಟೀಚರ್‌ಗಳಿಗೆ ರಾಜ್ಯದ ಲೈಸೆನ್ಸ್ ಇರಲೇಬೇಕು. ಮೂರನೇ ಕ್ಲಾಸಿನಿಂದ ಎಲ್ಲ ಸಾರ್ವಜನಿಕ ಶಾಲೆಗಳ ಹಾಗೆ ಇಲ್ಲೂ ಎಂಸಿಎ ಅನ್ನುವ ರಾಜ್ಯಮಟ್ಟದ ಪರೀಕ್ಷೆ ಇರುತ್ತದೆ.

ಬೇರೆ ಏನು ಅಂದರೆ, ಇದು ಡಿಸ್ಟ್ರಿಕ್ಟ್ ಕೈಕೆಳಗೆ ಇಲ್ಲ. ಶಾಲೆಗೆ ಅದರದ್ದೇ ಬೋರ್ಡ್ ಇರುತ್ತದೆ. ಮಿನ್ನೆಸೋಟ ಕಾನೂನಿನ ಪ್ರಕಾರ ಆ ಬೋರ್ಡ್‌ನಲ್ಲಿ ಕನಿಷ್ಠ ಒಬ್ಬ ಟೀಚರ್, ಒಬ್ಬ ಅಪ್ಪ ಅಥವಾ ಅಮ್ಮ, ಶಾಲೆಯಲ್ಲಿ ಕೆಲಸ ಮಾಡದ ಊರಿನವರೊಬ್ಬರು ಇರಬೇಕು. ಇದರ ಮೇಲೆ ಕಣ್ಣಿಡಲು ಆಥರೈಸರ್ ಅಂತ ಒಂದು ಸಂಸ್ಥೆ ಇರುತ್ತದೆ. ಅವರ ಜೊತೆಗಿನ ಕರಾರು ಹೆಚ್ಚೆಂದರೆ ಐದು ವರ್ಷದ್ದು. ಪಾಠ, ದುಡ್ಡಿನ ಲೆಕ್ಕ, ಆಡಳಿತ ಸರಿಯಿಲ್ಲ ಅಂದರೆ ಕರಾರು ಮುಂದುವರಿಸುವುದಿಲ್ಲ, ಶಾಲೆ ಮುಚ್ಚುತ್ತದೆ.

ಅಂದಹಾಗೆ ಇಡೀ ಅಮೆರಿಕದಲ್ಲಿ ಇದು ಮೊದಲು ಶುರುವಾಗಿದ್ದೇ ನಮ್ಮ ರಾಜ್ಯದಲ್ಲಿ. ಕಾನೂನು ಬಂದಿದ್ದು 1991ರಲ್ಲಿ. ಮೊದಲ ಶಾಲೆ ಸಿಟಿ ಅಕಾಡೆಮಿ 1992ರಲ್ಲಿ ನಿಮ್ಮ ಸೇಂಟ್ ಪಾಲ್‌ನಲ್ಲೇ ತೆರೆಯಿತು. ಅದು ಪ್ರೈಮರಿ ಶಾಲೆ ಅಲ್ಲ, ಓದು ಅರ್ಧಕ್ಕೆ ಬಿಟ್ಟ ಹದಿಹರೆಯದವರಿಗೆ ಇದ್ದದ್ದು. ಟೀಚರ್‌ಗಳ ಸಂಘದ ನಾಯಕ ಆಲ್ಬರ್ಟ್ ಶಾಂಕರ್ 1988ರಲ್ಲಿ ಈ ಯೋಚನೆಯನ್ನು ದೇಶದ ಮುಂದೆ ಇಟ್ಟಾಗ, ಟೀಚರ್‌ಗಳೇ ಹೊಸ ಪ್ರಯೋಗ ಮಾಡುವ ಚಿಕ್ಕ ಶಾಲೆಗಳು ಅವರ ಮನಸ್ಸಿನಲ್ಲಿದ್ದವು. ಮಿನ್ನೆಸೋಟದ ಮೊದಲ ಕಾನೂನಿನಲ್ಲೂ ಬೋರ್ಡ್‌ನಲ್ಲಿ ಟೀಚರ್‌ಗಳದ್ದೇ ಬಹುಮತ ಇರಬೇಕು ಎಂದಿತ್ತು.

ಈಗ ನಿಮ್ಮ ಪ್ರಶ್ನೆ. ನನ್ನ ಪ್ರಕಾರ ವಿಶೇಷ ಅಂದರೆ, ನಿರ್ಧಾರ ಮಾಡುವವರು ಅದೇ ಕಟ್ಟಡದಲ್ಲಿ ಇರುತ್ತಾರೆ. ನಮ್ಮಲ್ಲಿ ಒಂದನೇ ಕ್ಲಾಸಿನ ಮಕ್ಕಳು ಊಟ ಅರ್ಧ ಬಿಟ್ಟು ಆಟಕ್ಕೆ ಓಡುತ್ತಿದ್ದರು. ಮಧ್ಯಾಹ್ನ ಹೊಟ್ಟೆ ಹಸಿದು ಅಳು, ಜಗಳ. ಒಬ್ಬ ಟೀಚರ್ ಮೀಟಿಂಗ್‌ನಲ್ಲಿ ಎದ್ದು ನಿಂತು, ಆಟ ಮೊದಲು, ಊಟ ಆಮೇಲೆ ಮಾಡೋಣ ಅಂದರು. ಅಡುಗೆಮನೆಯವರನ್ನು ಅಲ್ಲೇ ಕರೆದು ಕೇಳಿದೆವು, ಅವರು ಆಗಬಹುದು ಅಂದರು. ಮುಂದಿನ ತಿಂಗಳಿಗೆ ಟೈಮ್‌ಟೇಬಲ್ ಬದಲಾಯಿತು. ಇದು ಚಿಕ್ಕ ವಿಷಯವೇ. ಆದರೆ ಆರು ವರ್ಷದ ಮಗುವಿಗೆ ಅದಕ್ಕಿಂತ ದೊಡ್ಡ ವಿಷಯ ಯಾವುದಿದೆ?

ಟೀಚರಮ್ಮ

ನಾನು ಇಂಥ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಮೊದಲು ಡಿಸ್ಟ್ರಿಕ್ಟ್ ಶಾಲೆಯಲ್ಲಿದ್ದೆ.

ಹಾಸನದ ಅಣ್ಣ ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೋರ್ಡ್ ಇರುವುದು ಒಳ್ಳೆಯದೇ. ಆದರೆ ಮಕ್ಕಳಿಗೆ ಬೋರ್ಡ್ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುವ ಡೈರೆಕ್ಟರ್ (ಶಾಲೆಯ ಮುಖ್ಯಸ್ಥರು), ಅವರ ಅಕ್ಕನಿಗೂ ಪಾಠ ಮಾಡಿದ ಟೀಚರ್, ಊಟ ಬಡಿಸುವಾಗ "ನಿನಗೆ ಮಾಂಸ ಬೇಡ ಅಲ್ವಾ" ಅಂತ ನೆನಪಿಟ್ಟು ಕೇಳುವವರು. ನಮ್ಮ ವಠಾರಗಳಲ್ಲಿ ಯಾರ ಮನೆ ಮಗು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರುತ್ತಿತ್ತಲ್ಲ, ಹಾಗೆ. ನನ್ನ ಕ್ಲಾಸಿನಲ್ಲಿ ಇಲ್ಲದ ಮಗು ಕಾರಿಡಾರ್‌ನಲ್ಲಿ ಅಳುತ್ತಿದ್ದರೂ ಅದು ಯಾಕೆ ಅಳುತ್ತಿದೆ ಅಂತ ನನಗೆ ಸುಮಾರು ಅಂದಾಜಿರುತ್ತದೆ.

ಇದು ಓದಿನಲ್ಲೂ ಕಾಣುತ್ತದೆ. ಕಿಂಡರ್‌ಗಾರ್ಟನ್ ಟೀಚರ್ ನನ್ನ ಪಕ್ಕದ ರೂಮಿನಲ್ಲೇ ಇರುತ್ತಾರೆ. ಈ ಹುಡುಗ ಅಕ್ಷರಗಳ ಶಬ್ದವನ್ನು ಹೇಗೆ ಕಲಿತ, ಎಲ್ಲಿ ಸಿಕ್ಕಿಕೊಂಡ ಅಂತ ಫೈಲ್ ಹುಡುಕಬೇಕಿಲ್ಲ, ಅವರನ್ನೇ ಕೇಳಿದರೆ ಆಯಿತು. ನಾಲ್ಕನೇ ಕ್ಲಾಸಿನ ದೊಡ್ಡ ಮಕ್ಕಳು ವಾರಕ್ಕೊಮ್ಮೆ ಬಂದು ನನ್ನ ಮಕ್ಕಳಿಗೆ ಓದಿ ಹೇಳುತ್ತಾರೆ. ಓದಲು ಹಿಂಜರಿಯುವ ನಾಲ್ಕನೇ ಕ್ಲಾಸಿನ ಹುಡುಗ ಚಿಕ್ಕವರ ಮುಂದೆ ಧೈರ್ಯವಾಗಿ ಓದುತ್ತಾನೆ. ಅವನಿಗೆ ಯಾವ ಪುಸ್ತಕ ಕೊಡಬೇಕು ಅಂತ ನಾವಿಬ್ಬರು ಟೀಚರ್‌ಗಳು ಮೊದಲೇ ಮಾತಾಡಿಕೊಂಡಿರುತ್ತೇವೆ.

ಕಷ್ಟಗಳನ್ನೂ ಹೇಳಬೇಕು. ನಮ್ಮಲ್ಲಿ ಪ್ರತ್ಯೇಕ ಮ್ಯೂಸಿಕ್ ಟೀಚರ್ ಇಲ್ಲ. ಬಸ್ ಡ್ಯೂಟಿ, ಊಟದ ಡ್ಯೂಟಿ, ಶಾಲೆ ಬಿಟ್ಟ ಮೇಲಿನ ಕ್ಲಬ್, ಎಲ್ಲ ನಾವೇ. ಸಂಬಳ ಡಿಸ್ಟ್ರಿಕ್ಟ್‌ನಲ್ಲಿ ಸಿಗುತ್ತಿದ್ದಕ್ಕಿಂತ ಕಡಿಮೆ. ಒಳ್ಳೆಯ ಟೀಚರ್‌ಗಳು ಕೆಲವು ವರ್ಷ ಇದ್ದು ಹೋಗುತ್ತಾರೆ. ಒಬ್ಬರು ಹೋದರೂ ಚಿಕ್ಕ ಶಾಲೆಗೆ ಜೋರಾಗಿ ತಟ್ಟುತ್ತದೆ. ಹಾಗಾಗಿ ತುಂಗಾತೀರ, ನೀವು ಶಾಲೆ ನೋಡಲು ಹೋದಾಗ ಗೋಡೆ ಮೇಲಿನ ಚಿತ್ರಗಳನ್ನು ನೋಡಿದರೆ ಸಾಲದು. ಮೂರು ವರ್ಷದ ಹಿಂದೆ ಇದ್ದ ಟೀಚರ್‌ಗಳಲ್ಲಿ ಈಗ ಎಷ್ಟು ಜನ ಇದ್ದಾರೆ ಅಂತ ಕೇಳಿ.

ಧಾರವಾಡ ಪೇಡೆ

ನಮಸ್ಕಾರ್ರೀ. ಇನ್ನೊಂದು ಬದಿ ನಾನು ಹೇಳುತ್ತೇನೆ.

ನನ್ನ ಮಗನಿಗೆ ಮಾತು ತಡವಾಗಿ ಬಂತು. ಸ್ಪೀಚ್ ಥೆರಪಿ ಬೇಕು ಅಂತ ಐಇಪಿಯಲ್ಲಿ (ವಿಶೇಷ ಅಗತ್ಯ ಇರುವ ಮಗುವಿಗೆ ಶಾಲೆ ಬರೆದು ಕೊಡುವ ಯೋಜನೆ) ಬರೆದಿತ್ತು. ಒಂದು ಚಿಕ್ಕ ಚಾರ್ಟರ್ ಶಾಲೆಗೆ ಸೇರಿಸಿದೆವು. ಹೆಸರು ಬೇಡ, ಆ ಜನ ಕೆಟ್ಟವರಲ್ಲ, ಮಗನನ್ನು ಪ್ರೀತಿಯಿಂದಲೇ ನೋಡಿಕೊಂಡರು. ಆದರೆ ಅವರಿಗೆ ಸ್ವಂತ ಥೆರಪಿಸ್ಟ್ ಇರಲಿಲ್ಲ. ಗುತ್ತಿಗೆ ಮೇಲೆ ಒಬ್ಬರು ವಾರಕ್ಕೆ ಕೆಲವು ತಾಸು ಬಂದು ಹೋಗುತ್ತಿದ್ದರು. ಚಳಿಗಾಲದ ನಡುವೆ ಅವರು ಕೆಲಸ ಬಿಟ್ಟರು. ಬೇರೆಯವರು ಸಿಗಲಿಲ್ಲ. ತಿಂಗಳುಗಟ್ಟಲೆ ಥೆರಪಿ ನಿಂತಿತು. ತಪ್ಪಿದ ತಾಸುಗಳನ್ನು ಆಮೇಲೆ ಕೊಡಿಸಬೇಕು ಅಂತ ನಾವು ಹಿಡಿದು ಕೂತ ಮೇಲೆ ಬೇಸಿಗೆಯಲ್ಲಿ ಸ್ವಲ್ಪ ಕೊಡಿಸಿದರು. ಐದು ವರ್ಷದ ಮಗುವಿಗೆ ಆ ತಿಂಗಳುಗಳು ತಿರುಗಿ ಬರುತ್ತವೇನ್ರೀ?

ಕಾನೂನು ಎಲ್ಲರಿಗೂ ಒಂದೇ. ಅಂಗವಿಕಲತೆ ಇರುವ ಮಗುವನ್ನು ಚಾರ್ಟರ್ ಶಾಲೆ ಬೇಡ ಅನ್ನುವ ಹಾಗಿಲ್ಲ. ಮಿನ್ನೆಸೋಟದಲ್ಲಿ ವಿಶೇಷ ಶಿಕ್ಷಣಕ್ಕೆ ಆಗುವ ಹೆಚ್ಚಿನ ಖರ್ಚಿನ ದೊಡ್ಡ ಪಾಲನ್ನು ಮಗು ವಾಸ ಇರುವ ಡಿಸ್ಟ್ರಿಕ್ಟ್ ಮೇಲೆ ಹಾಕಲು ದಾರಿಯೂ ಇದೆ. ಅಂದರೆ ಇಲ್ಲಿ ಕೊರತೆ ಬರೀ ದುಡ್ಡಿನದಲ್ಲ, ಜನರದ್ದು. ದೊಡ್ಡ ಡಿಸ್ಟ್ರಿಕ್ಟ್‌ನಲ್ಲಿ ಒಬ್ಬ ಥೆರಪಿಸ್ಟ್ ಹೋದರೆ ಇನ್ನೊಂದು ಶಾಲೆಯಿಂದ ಒಬ್ಬರನ್ನು ಕಳಿಸುತ್ತಾರೆ. ಇಲ್ಲಿ ಕಳಿಸಲು ಯಾರೂ ಇಲ್ಲ. ಈಗ ಮಗ ಡಿಸ್ಟ್ರಿಕ್ಟ್ ಶಾಲೆಯಲ್ಲಿದ್ದಾನೆ. ಪ್ರಿನ್ಸಿಪಾಲರಿಗೆ ಅವನ ಹೆಸರು ಗೊತ್ತಿಲ್ಲ, ಆದರೆ ಥೆರಪಿ ಒಂದು ವಾರವೂ ತಪ್ಪಿಲ್ಲ.

ನಿಮ್ಮ ಮಗುವಿಗೆ ಇಂಥ ಅಗತ್ಯ ಇದ್ದರೆ ಒಂದೇ ಪ್ರಶ್ನೆ ಕೇಳಿರಿ: ಈಗ ಬರುವವರು ಬಿಟ್ಟು ಹೋದರೆ ಮಾರನೇ ವಾರ ಯಾರು ಬರುತ್ತಾರೆ?

ಟೀಚರಮ್ಮ

ಧಾರವಾಡದ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ನಮ್ಮಲ್ಲೂ ಹೀಗೆ ಆಗಿದೆ. ಮಗುವಿನ ಕಷ್ಟ ನಮಗೆ ಬೇಗ ಗೊತ್ತಾಗುತ್ತದೆ, ಅದು ಚಿಕ್ಕ ಶಾಲೆಯ ಬಲ. ಆದರೆ ಗೊತ್ತಾದ ಮೇಲೆ ಮಾಡಲು ಕೈಗಳು ಕಡಿಮೆ. ಕಣ್ಣೆದುರೇ ನೋಡಿಕೊಂಡು ಕೂರುವುದು ಟೀಚರ್‌ಗೂ ತುಂಬಾ ನೋವಿನ ಕೆಲಸ.

ಮಿನ್ನಿಹಾಹ ಪಕ್ಕದ ಮನೆ

ನಾನು ಚಾರ್ಟರ್ ವಿರೋಧಿ ಅಂತಲೇ ಇಟ್ಟುಕೊಳ್ಳಿ. ಮಿನ್ನಿಯಾಪೊಲಿಸ್‌ನಲ್ಲಿ ನಮ್ಮ ಬೀದಿಯ ಮಕ್ಕಳೆಲ್ಲ ಒಂದೇ ಡಿಸ್ಟ್ರಿಕ್ಟ್ ಶಾಲೆಗೆ ನಡೆದು ಹೋಗುತ್ತಿದ್ದರು. ಈಗ ಬೆಳಿಗ್ಗೆ ನಾಲ್ಕು ಬಣ್ಣದ ಬಸ್ ಬಂದು ನಾಲ್ಕು ದಿಕ್ಕಿಗೆ ಕರೆದುಕೊಂಡು ಹೋಗುತ್ತವೆ. ಬೀದಿಯ ಮಕ್ಕಳಿಗೆ ಒಬ್ಬರಿಗೊಬ್ಬರು ಗುರುತಿಲ್ಲ. ಹಾಗಾದರೆ ಸಮುದಾಯದ ಶಾಲೆ ಅಂದರೆ ಯಾವುದು?

ದುಡ್ಡಿನ ಮಾತು ಬೇರೆ. ಮಗು ಹೋದರೆ ಅದರ ಹಿಂದೆ ಅನುದಾನವೂ ಹೋಗುತ್ತದೆ. ಉಳಿದ ಶಾಲೆಯ ಹೀಟಿಂಗ್ ಖರ್ಚು, ಬಸ್ ಖರ್ಚು ಅಷ್ಟಕ್ಕೇ ಕಡಿಮೆ ಆಗುವುದಿಲ್ಲ.

ಇನ್ನೊಂದು. ಅನೇಕ ಚಿಕ್ಕ ಚಾರ್ಟರ್ ಶಾಲೆಗಳಲ್ಲಿ ಹೆಚ್ಚುಕಮ್ಮಿ ಒಂದೇ ಹಿನ್ನೆಲೆಯ ಮಕ್ಕಳು ಇರುತ್ತಾರೆ. ಅವಳಿ ನಗರಗಳಾದ ಮಿನ್ನಿಯಾಪೊಲಿಸ್, ಸೇಂಟ್ ಪಾಲ್‌ನಲ್ಲಿ ಶಾಲೆಗಳು ಜನಾಂಗದ ಪ್ರಕಾರ ಒಡೆದು ಹೋಗಿವೆ ಅಂತ ಕೆಲವು ಕುಟುಂಬಗಳು 2015ರಲ್ಲಿ ರಾಜ್ಯದ ಮೇಲೆ ಕೇಸ್ ಹಾಕಿದ್ದವು. ಕ್ರೂಜ್-ಗುಜ್ಮಾನ್ ಕೇಸ್ ಅಂತ, ರಾಜ್ಯದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನಾವು ಬೇರೆ ದೇಶದಿಂದ ಬಂದವರು. ನಮ್ಮ ಮಕ್ಕಳು ಎಲ್ಲರ ಜೊತೆ ಬೆರೆತು ಬೆಳೆಯಬೇಕು ಅನ್ನುವುದು ನನ್ನ ಆಸೆ.

ಹಾಸನದವ

ಮಿನ್ನಿಹಾಹ ಸರ್, ಇದು ನನ್ನನ್ನು ಕಾಡುವ ಪ್ರಶ್ನೆಯೇ. ಬೀದಿಯ ಮಕ್ಕಳು ಚದುರಿ ಹೋಗುವುದು ನಿಜವಾದ ನಷ್ಟ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಒಂದೇ ಹಿನ್ನೆಲೆಯ ಮಕ್ಕಳ ವಿಷಯದಲ್ಲಿ ಸ್ವಲ್ಪ ನಿಲ್ಲಿ. ಮಿನ್ನಿಯಾಪೊಲಿಸ್‌ನಲ್ಲಿ ಬ್ದೋಟೆ ಅಂತ ಒಂದು ಚಾರ್ಟರ್ ಶಾಲೆ ಇದೆ, 2014ರಲ್ಲಿ ಶುರುವಾಗಿದ್ದು. ಅಲ್ಲಿ ಚಿಕ್ಕ ಮಕ್ಕಳಿಗೆ ಡಕೋಟ ಮತ್ತು ಒಜಿಬ್ವೆ ಭಾಷೆಗಳಲ್ಲಿ ಪಾಠ ನಡೆಯುತ್ತದೆ. ಈ ನೆಲದ ಮೂಲನಿವಾಸಿ ಮಕ್ಕಳನ್ನು ಹಿಂದೆ ಬೋರ್ಡಿಂಗ್ ಶಾಲೆಗಳಿಗೆ ಹಾಕಿ, ಮನೆಮಾತು ಆಡಿದರೆ ಶಿಕ್ಷೆ ಕೊಡುತ್ತಿದ್ದ ಕಾಲ ಇತ್ತು. ಅಂಥವರ ಮೊಮ್ಮಕ್ಕಳು ಇವತ್ತು ಆ ಮಾತಿನಲ್ಲೇ ಲೆಕ್ಕ ಕಲಿಯುತ್ತಾರೆ ಅಂದರೆ, ಅದನ್ನು ನಾನು ಪ್ರತ್ಯೇಕತೆ ಅಂತ ಕರೆಯಲಾರೆ. ಸೇಂಟ್ ಪಾಲ್‌ನಲ್ಲಿ ಆಗ್ನೇಯ ಏಷ್ಯಾದಿಂದ ಬಂದ ಹ್ಮೊಂಗ್ ಜನರ ಭಾಷೆ, ಸಂಸ್ಕೃತಿ ಕಲಿಸುವ ಚಾರ್ಟರ್ ಶಾಲೆಗಳಿವೆ. ಬಲವಂತವಾಗಿ ಒಂದು ಕಡೆ ತಳ್ಳುವುದಕ್ಕೂ, ಅಪ್ಪ-ಅಮ್ಮ ತಾವಾಗಿ ಆರಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅಂತ ಆ ಕೇಸಿನಲ್ಲಿ ಕೆಲವು ಚಾರ್ಟರ್ ಶಾಲೆಗಳೂ ಸೇರಿಕೊಂಡು ವಾದ ಮಾಡಿದವು.

ದುಡ್ಡಿನದ್ದು ಇನ್ನೊಂದು ಮುಖವೂ ಇದೆ. ಡಿಸ್ಟ್ರಿಕ್ಟ್ ಜನರ ವೋಟು ಕೇಳಿ ಆಸ್ತಿ ತೆರಿಗೆಯಿಂದ ಹೆಚ್ಚಿನ ದುಡ್ಡು ಎತ್ತಬಹುದು. ಚಾರ್ಟರ್ ಶಾಲೆಗೆ ತೆರಿಗೆ ಹಾಕುವ ಅಧಿಕಾರ ಇಲ್ಲ. ಕಟ್ಟಡದ ಬಾಡಿಗೆಗೆ ರಾಜ್ಯ ನೆರವು ಕೊಡುತ್ತದೆ, ಅದಕ್ಕೂ ಮಿತಿ ಇದೆ. ಅದಕ್ಕೇ ಎಷ್ಟೋ ಚಾರ್ಟರ್ ಶಾಲೆಗಳು ಹಳೇ ಚರ್ಚ್ ಶಾಲೆಯಲ್ಲೋ ಆಫೀಸ್ ಕಟ್ಟಡದಲ್ಲೋ ಇರುತ್ತವೆ.

ತುಂಗಾತೀರ ಮೇಡಂ, ಇದು ನಿಮಗೆ ಮುಖ್ಯ. 2025ರ ಹಣಕಾಸು ವರ್ಷದಲ್ಲಿ ರಾಜ್ಯದ ಮೂಲ ಅನುದಾನ ಒಂದು ಪ್ರೈಮರಿ ಮಗುವಿಗೆ 7,281 ಡಾಲರ್ ಇತ್ತು. ಹತ್ತು ಮಕ್ಕಳು ಬಿಟ್ಟು ಹೋದರೆ ಸುಮಾರು 73,000 ಡಾಲರ್ ಹೋಯಿತು. ದೊಡ್ಡ ಡಿಸ್ಟ್ರಿಕ್ಟ್ ಅದನ್ನು ಹೇಗೋ ತಡೆದುಕೊಳ್ಳುತ್ತದೆ. ನೂರೈವತ್ತು ಮಕ್ಕಳ ಶಾಲೆಯಲ್ಲಿ ಅದು ಒಬ್ಬ ಟೀಚರ್ ಕೆಲಸ. ಬೋರ್ಡ್‌ನಲ್ಲಿ ಕೂತ ದಿನದಿಂದ ನನ್ನ ನಿದ್ದೆ ಕೆಡಿಸಿರುವ ಲೆಕ್ಕ ಇದೊಂದೇ.

ಫ್ರೀಮಾಂಟ್ ಕನ್ನಡಿಗ

ಬೇರೆ ರಾಜ್ಯದವರು ಓದುತ್ತಿದ್ದರೆ ಅಂತ ಎರಡು ಮಾತು: ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 1992ರಿಂದ ಕಾನೂನಿದೆ. ಇಲ್ಲಿ ಅಪ್ಪ-ಅಮ್ಮ ಇಷ್ಟು ಗಂಟೆ ಶಾಲೆಗೆ ಬಂದು ಕೆಲಸ ಮಾಡಲೇಬೇಕು, ಇಲ್ಲದಿದ್ದರೆ ಸೀಟಿಲ್ಲ ಅಂತ ಶಾಲೆ ಹೇಳುವ ಹಾಗಿಲ್ಲ. ಹಾಗೆ ಯಾರಾದರೂ ಕೇಳಿದರೆ ಹೆದರಬೇಡಿ. ನಾರ್ತ್ ಕ್ಯಾರೊಲಿನಾದಲ್ಲಿ ಅರ್ಧದಷ್ಟು ಟೀಚರ್‌ಗಳಿಗೆ ಲೈಸೆನ್ಸ್ ಇದ್ದರೆ ಸಾಕು. ಮಿನ್ನೆಸೋಟದ ಅನುಭವ ಕೇಳಿ ಅಲ್ಲಿನ ಷಾರ್ಲಟ್‌ನಲ್ಲಿ ಶಾಲೆ ಆರಿಸಬೇಡಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಫಲಿತಾಂಶದ ಬಗ್ಗೆ ಏನು ಹೇಳುತ್ತೀರಿ? ಆ ಶಾಲೆಯ ಮೂರನೇ ಕ್ಲಾಸ್ ಅಂಕ ಒಂದು ವರ್ಷ ತುಂಬಾ ಮೇಲಿದೆ, ಮುಂದಿನ ವರ್ಷ ಕೆಳಗೆ ಬಿದ್ದಿದೆ. ನೋಡಿ ಗಾಬರಿ ಆಯಿತು.

ಹಾಸನದವ

ಗಾಬರಿ ಬೇಡ ಮೇಡಂ. ಕ್ಲಾಸಿನಲ್ಲಿ ಇಪ್ಪತ್ತು ಮಕ್ಕಳಿದ್ದರೆ ಒಂದು ಮಗು ಅಂದರೆ ಶೇ. 5. ಮೂರು ಮಕ್ಕಳಿಗೆ ಆ ದಿನ ಸರಿಯಾಗಿ ಆಗಲಿಲ್ಲ ಅಂದರೆ ಶೇ. 15 ಇಳಿಯಿತು. ಚಿಕ್ಕ ಶಾಲೆಯ ಒಂದು ವರ್ಷದ ಅಂಕದಿಂದ ಏನೂ ಹೇಳಲು ಆಗುವುದಿಲ್ಲ. ನಾಲ್ಕೈದು ವರ್ಷದ್ದು ಒಟ್ಟಿಗೆ ನೋಡಿ. ಮೂರನೇ ಕ್ಲಾಸಿನಲ್ಲಿದ್ದ ಅದೇ ಮಕ್ಕಳು ಐದಕ್ಕೆ ಬರುವಾಗ ಎಲ್ಲಿದ್ದಾರೆ ಅಂತ ನೋಡಿ.

ಅನೇಕ ರಾಜ್ಯಗಳ ಲೆಕ್ಕ ಬೇಕಾದರೆ, ಸ್ಟ್ಯಾನ್‌ಫರ್ಡ್‌ನ ಕ್ರೆಡೋ ಕೇಂದ್ರ 2009ರಲ್ಲಿ ಮಾಡಿದ ಅಧ್ಯಯನದಲ್ಲಿ ಗಣಿತದಲ್ಲಿ ಶೇ. 17 ಚಾರ್ಟರ್ ಶಾಲೆಗಳು ಮಾತ್ರ ಡಿಸ್ಟ್ರಿಕ್ಟ್ ಶಾಲೆಗಳಿಗಿಂತ ಮುಂದಿದ್ದವು, ಶೇ. 37 ಹಿಂದಿದ್ದವು. 2023ರ ವರದಿಯಲ್ಲಿ ಸರಾಸರಿ ಸ್ವಲ್ಪ ಮುಂದೆ ಬಂದಿವೆ. ಒಂದು ವರ್ಷಕ್ಕೆ ಓದಿನಲ್ಲಿ 16 ದಿನದ ಪಾಠದಷ್ಟು, ಗಣಿತದಲ್ಲಿ 6 ದಿನದಷ್ಟು. ಆನ್‌ಲೈನ್ ಚಾರ್ಟರ್ ಶಾಲೆಗಳು ಮಾತ್ರ ತುಂಬಾ ಹಿಂದೆ. ಆದರೆ ಈ ಸರಾಸರಿಯಲ್ಲಿ ನಿಮ್ಮ ಪಕ್ಕದ ಶಾಲೆ ಎಲ್ಲಿದೆ ಅಂತ ಯಾರೂ ಹೇಳಲಾರರು.

ತಿಪಟೂರು ಮೇಷ್ಟ್ರು

ನಾನು ಅಮೆರಿಕದಲ್ಲಿ ಇಲ್ಲ. ತಂಗಿ ಅಲ್ಲಿದ್ದಾಳೆ, ಅವಳು ಇದನ್ನು ಓದಿ ಅಂತ ಕಳಿಸಿದಳು. ಇಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ.

ಓದುತ್ತಾ ನನಗೆ ಅನ್ನಿಸಿದ್ದು ಇಷ್ಟು. ಚಿಕ್ಕದಾಗಿರುವುದೇ ವಿಶೇಷ ಆಗಿದ್ದರೆ ನಮ್ಮ ಶಾಲೆಯಷ್ಟು ವಿಶೇಷ ಯಾವುದೂ ಇಲ್ಲ. ಒಂದರಿಂದ ಐದನೇ ತರಗತಿವರೆಗೆ ಮೂವತ್ತು ಮಕ್ಕಳೂ ಇಲ್ಲ. ನಾವು ಇಬ್ಬರು ಮೇಷ್ಟ್ರು. ಪ್ರತಿ ಮಗುವಿನ ಮನೆ, ಅಜ್ಜಿ, ಹಸು, ಎಲ್ಲ ಗೊತ್ತು. ಆದರೂ ಬೆಳಿಗ್ಗೆ ವ್ಯಾನ್ ಬಂದು ಊರಿನ ಅರ್ಧ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಟೀಚರಮ್ಮನವರೇ, ಗುರುತು ಪರಿಚಯ ಒಂದರಿಂದಲೇ ಅಪ್ಪ-ಅಮ್ಮಂದಿರಿಗೆ ನಂಬಿಕೆ ಬರುವುದಿಲ್ಲ.

ನಮ್ಮಲ್ಲೂ ಎಸ್‌ಡಿಎಂಸಿ ಇದೆ. ಕರ್ನಾಟಕದಲ್ಲಿ 2001ರಲ್ಲೇ ಶುರುವಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ-ತಾಯಿಯೇ ಇರಬೇಕು, ಅರ್ಧದಷ್ಟು ಹೆಂಗಸರು. ಕಾಗದದ ಮೇಲೆ ನಿಮ್ಮ ಬೋರ್ಡ್‌ಗಿಂತ ಜಾಸ್ತಿ ಪೋಷಕರು ನಮ್ಮಲ್ಲಿದ್ದಾರೆ. ಆದರೆ ಮೇಷ್ಟ್ರ ನೇಮಕ ಅವರ ಕೈಯಲ್ಲಿಲ್ಲ. ಇನ್ನೊಬ್ಬ ಮೇಷ್ಟ್ರು ಬೇಕು ಅಂದರೆ ಬಿಇಒ ಆಫೀಸಿಗೆ ಅರ್ಜಿ ಹಾಕಿ ಕಾಯಬೇಕು. ನಿಮ್ಮ ಬೋರ್ಡ್ ಡೈರೆಕ್ಟರನ್ನು ತಾನೇ ನೇಮಿಸುತ್ತದೆಯೇ? ಬಜೆಟ್ ಕೂಡ?

ಹಾಸನದವ

ಹೌದು ಮೇಷ್ಟ್ರೇ. ಡೈರೆಕ್ಟರ್ ನೇಮಕ, ಬಜೆಟ್, ಕಟ್ಟಡದ ಕರಾರು, ಎಲ್ಲ ಬೋರ್ಡ್ ಕೈಯಲ್ಲೇ. ತಪ್ಪಿದರೆ ಹೊಣೆಯೂ ನಮ್ಮದೇ. ನೀವು ಕೇಳಿದ ಮೇಲೆ ನನಗೆ ಇನ್ನೂ ಸ್ಪಷ್ಟವಾಯಿತು. ಪೋಷಕರು ಮೀಟಿಂಗ್‌ನಲ್ಲಿ ಕೂರುವುದು ಬೇರೆ, ಅವರ ಮಾತಿಗೆ ದುಡ್ಡು ಮತ್ತು ನೇಮಕ ಬಗ್ಗುವುದು ಬೇರೆ. ಎಸ್‌ಡಿಎಂಸಿಗೆ ಆ ಶಕ್ತಿ ಕೊಟ್ಟರೆ ನಿಮ್ಮ ಶಾಲೆ ಏನಾಗಬಹುದು ಅಂತ ಯೋಚಿಸುತ್ತಾ ಕೂತಿದ್ದೇನೆ.

ಟೀಚರಮ್ಮ

ಮೇಷ್ಟ್ರ ಮಾತು ಒಪ್ಪಿದೆ. ಗುರುತಿನ ಜೊತೆ ಕೈಲಾಗುವ ಶಕ್ತಿಯೂ ಬೇಕು. ಧಾರವಾಡದ ಅಣ್ಣನ ಮಗನ ವಿಷಯದಲ್ಲೂ ಆಗಿದ್ದು ಅದೇ ಅಲ್ವಾ.

ತುಂಗಾತೀರ

ಮೊನ್ನೆ ಆ ಶಾಲೆಯ ಬೋರ್ಡ್ ಮೀಟಿಂಗ್‌ಗೆ ಹೋಗಿದ್ದೆ. ಯಾರು ಬೇಕಾದರೂ ಹೋಗಬಹುದು ಅಂತ ಗೊತ್ತೇ ಇರಲಿಲ್ಲ. ಹತ್ತು ಹನ್ನೆರಡು ಜನ, ಮಕ್ಕಳ ಲೈಬ್ರರಿಯಲ್ಲಿ ಚಿಕ್ಕ ಕುರ್ಚಿಗಳ ಮೇಲೆ ಕೂತಿದ್ದರು. ಬಸ್ ಗುತ್ತಿಗೆ ಬಗ್ಗೆ ತುಂಬಾ ಹೊತ್ತು ಮಾತು ನಡೆಯಿತು. ಬೆಳಿಗ್ಗೆ ಬಸ್ಸಿನಲ್ಲಿ ಒಂದು ಗಂಟೆ ಕೂರುವ ಮಕ್ಕಳಿದ್ದಾರೆ, ಅವರ ದಾರಿ ಹೇಗೆ ಕಡಿಮೆ ಮಾಡೋದು ಅಂತ. ಒಬ್ಬ ಸೊಮಾಲಿ ತಾಯಿ ಎದ್ದು ತಮ್ಮ ಕಷ್ಟ ಹೇಳಿದರು. ಬೋರ್ಡ್‌ನವರು ಅವರ ಮಾತು ಮುಗಿಯುವವರೆಗೆ ಕೇಳಿದರು, ಆಮೇಲೆ ರೂಟ್ ಮ್ಯಾಪ್ ತೆಗೆದು ಅವರ ಮನೆ ಎಲ್ಲಿದೆ ಅಂತ ನೋಡಿದರು.

ನಿಮ್ಮ ಪ್ರಶ್ನೆಗಳನ್ನೂ ಕೇಳಿದೆ. ಮೂರು ವರ್ಷದ ಹಿಂದಿನ ಟೀಚರ್‌ಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಇದ್ದಾರಂತೆ. ಥೆರಪಿಸ್ಟ್ ಗುತ್ತಿಗೆಯವರೇ, ಅವರು ಹೋದರೆ ಕಷ್ಟ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಮಗಳಿಗೆ ಆ ಅಗತ್ಯ ಇಲ್ಲ. ಆದರೂ ಅವರು ನಿಜ ಹೇಳಿದ್ದು ನನಗೆ ಹಿಡಿಸಿತು. ಊಟಕ್ಕೆ ಸಸ್ಯಾಹಾರ ದಿನಾ ಇದೆಯಂತೆ.

ಅರ್ಜಿ ಹಾಕುತ್ತಿದ್ದೇವೆ. ಇನ್ನೆರಡೇ ಪ್ರಶ್ನೆ: ಲಾಟರಿಯಲ್ಲಿ ಬರದಿದ್ದರೆ? ಮಗನಿಗೆ ಈಗ ಎರಡೂವರೆ, ಅವನಿಗೂ ಮುಂದೆ ಹೀಗೇ ಲಾಟರಿಯಾ?

ಹಾಸನದವ

ಅಕ್ಕನಿಗೆ ಸೀಟು ಸಿಕ್ಕಿದರೆ ತಮ್ಮನಿಗೆ ಆದ್ಯತೆ ಇದೆ. ಮಿನ್ನೆಸೋಟ ಕಾನೂನಿನಲ್ಲೇ ಇದೆ. ಆದರೆ ಅವನ ಅರ್ಜಿಯನ್ನೂ ಗಡುವಿನ ಒಳಗೆ ಹಾಕಬೇಕು, ತನ್ನಷ್ಟಕ್ಕೆ ಬರುವುದಿಲ್ಲ.

ಟೀಚರಮ್ಮ

ಲಾಟರಿಯಲ್ಲಿ ಬರದಿದ್ದರೆ ವೇಟಿಂಗ್ ಲಿಸ್ಟ್‌ನಲ್ಲಿ ಇಡುತ್ತಾರೆ. ಸೆಪ್ಟೆಂಬರ್ ಮೊದಲ ವಾರದಲ್ಲೂ ಫೋನ್ ಬರುವುದುಂಟು, ನಂಬರ್ ಬದಲಾದರೆ ಆಫೀಸಿಗೆ ತಿಳಿಸಿ. ಹಾಗೇ ಮನೆ ಹತ್ತಿರದ ಡಿಸ್ಟ್ರಿಕ್ಟ್ ಶಾಲೆಯಲ್ಲೂ ಈಗಲೇ ಹೆಸರು ಬರೆಸಿಡಿ. ಒಂದು ಸಲ ಒಳಗೆ ಹೋಗಿ ಕಿಂಡರ್‌ಗಾರ್ಟನ್ ಟೀಚರ್ ಜೊತೆ ಮಾತಾಡಿ ಬನ್ನಿ. ದೊಡ್ಡ ಶಾಲೆಯಲ್ಲೂ ನಿಮ್ಮ ಮಗಳಿಗೆ ದಿನಾ ಸಿಗುವುದು ಆ ಒಬ್ಬ ಟೀಚರ್, ಆ ಒಂದು ರೂಮು.